ಸಮವಸ್ತ್ರವೋ, ಸಮವಸ್ತ್ರದ ಪಕ್ಕದ ಮೇಜೋ? ಸೌಮ್ಯ ಆಟಿಸಂ ಇರುವವರಿಗೆ ಸೇನೆಯ ದಾರಿಗಳು

ಉಪಗ್ರಹ ತೆಗೆದ ಎರಡು ಚಿತ್ರಗಳನ್ನು ಮುಂದಿಟ್ಟುಕೊಂಡು, ನಿನ್ನೆಯದರಲ್ಲಿ ಇಲ್ಲದ ಯಾವ ಗುರುತು ಇಂದಿನದರಲ್ಲಿ ಮೂಡಿದೆ ಎಂದು ಗಂಟೆಗಟ್ಟಲೆ ಹುಡುಕುವ ಕೆಲಸವೊಂದು ಸೇನೆಗಳಲ್ಲಿ ಇರುತ್ತದೆ. ಬಹಳ ಜನರಿಗೆ ಅರ್ಧ ಗಂಟೆಯೊಳಗೆ ಬೇಸರ ಬರುತ್ತದೆ. ಆಟಿಸಂ (ಜನರೊಡನೆ ಬೆರೆಯುವ, ಸದ್ದು ಸ್ಪರ್ಶಗಳನ್ನು ಗ್ರಹಿಸುವ ರೀತಿ ಭಿನ್ನವಾಗಿರುವ ಸ್ಥಿತಿ) ಇರುವ ಕೆಲವರಿಗೆ ಮಾತ್ರ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಇಸ್ರೇಲ್ ಸೇನೆಯ 9900 ಘಟಕ ‘ರೋಯಿಮ್ ರಹೋಕ್’ ಎಂಬ ಯೋಜನೆಯಡಿ 2013ರಿಂದ ಆಟಿಸಂ ಇರುವ ಯುವಕ ಯುವತಿಯರನ್ನು ಇದೇ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದೆ. ಅವರು ಸಮವಸ್ತ್ರ ತೊಟ್ಟ ಸೈನಿಕರು. ನಕ್ಷೆ ಮತ್ತು ಉಪಗ್ರಹ ಚಿತ್ರಗಳನ್ನು ವಿಶ್ಲೇಷಿಸುವ ಅಮೆರಿಕದ ಗುಪ್ತಚರ ಸಂಸ್ಥೆ ನ್ಯಾಷನಲ್ ಜಿಯೋಸ್ಪೇಷಿಯಲ್-ಇಂಟೆಲಿಜೆನ್ಸ್ ಏಜೆನ್ಸಿಯೂ 2020ರ ಕೊನೆಗೆ ಇಂಥದೊಂದು ಪ್ರಯೋಗವನ್ನು ಪ್ರಕಟಿಸಿತು. ಅಲ್ಲಿ ಆಯ್ಕೆಯಾದವರು ಬೆಳಿಗ್ಗೆ ಕಚೇರಿಗೆ ಬಂದು ಸಂಜೆ ಮನೆಗೆ ಮರಳುವ ನಾಗರಿಕರು.

ಕೆಲಸ ಒಂದೇ, ಬದುಕು ಬೇರೆ. ಸೌಮ್ಯ ಆಟಿಸಂ ಇದ್ದು ಸೇನೆಯ ಕನಸು ಕಾಣುವವರು ಸಾಮಾನ್ಯವಾಗಿ ಕೇಳುವುದು ‘ನನ್ನನ್ನು ಸೇರಿಸಿಕೊಳ್ಳುತ್ತಾರೆಯೇ?’ ಎಂದು. ಅದಕ್ಕೆ ಉತ್ತರ ಆಯಾ ದೇಶದ ನಿಯಮಗಳಲ್ಲಿ ಬರೆದಿರುತ್ತದೆ, ಹುಡುಕಿದರೆ ಸಿಗುತ್ತದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆಯೇ ಇದೆ: ನಿಮ್ಮನ್ನು ಸೆಳೆಯುತ್ತಿರುವುದು ಸೇನೆಯ ಕೆಲಸವೋ, ಸೇನೆಯ ಬದುಕೋ? ಕೆಲಸವಾದರೆ ಅದನ್ನು ಮುಟ್ಟಲು ನಾಲ್ಕೈದು ದಾರಿಗಳಿವೆ. ಬದುಕೇ ಬೇಕೆಂದರೆ ದಾರಿ ಒಂದೇ, ಅದೂ ಕಿರಿದು.

‘ಸೌಮ್ಯ’ ಎಂಬ ಮಾತಿನ ಬಗ್ಗೆ

ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ‘ಸೌಮ್ಯ ಆಟಿಸಂ’ ಎಂಬ ಹೆಸರಿಲ್ಲ. 2013ರಲ್ಲಿ ಈ ಕೈಪಿಡಿ ಬಂದಾಗ, ಅದುವರೆಗೆ ಬೇರೆಯಾಗಿದ್ದ ಆಸ್ಪರ್ಜರ್ ಮುಂತಾದ ಹೆಸರುಗಳನ್ನು ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನಡಿ ತಂದು, ನೆರವಿನ ಅಗತ್ಯಕ್ಕೆ ತಕ್ಕಂತೆ ಮೂರು ಹಂತಗಳನ್ನು ಮಾಡಿದರು. ಜನ ಸೌಮ್ಯ ಎನ್ನುವುದು ಬಹುಮಟ್ಟಿಗೆ ಮೊದಲನೆಯ ಹಂತವನ್ನು. ಆ ಹಂತದ ವಿವರಣೆಯಲ್ಲೂ ‘ನೆರವು ಬೇಕು’ ಎಂಬ ಮಾತಿದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ.

ನನಗಂತೂ ಸೌಮ್ಯ ಎಂಬ ವಿಶೇಷಣ ಎದುರಿಗೆ ಕುಳಿತವರ ಅನುಕೂಲಕ್ಕೆ ಹುಟ್ಟಿದ್ದು ಎನಿಸುತ್ತದೆ. ಇವನ ಜೊತೆ ಮಾತನಾಡುವಾಗ ನಮಗೇನೂ ತೊಂದರೆಯಾಗಲಿಲ್ಲ, ಆದ್ದರಿಂದ ಇವನದು ಸೌಮ್ಯ. ಅಷ್ಟು ಸಲೀಸಾಗಿ ಮಾತನಾಡಲು ಅವನು ಏನು ತೆತ್ತ ಎಂಬುದು ಕಾಣುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ರೂಢಿಸಿಕೊಳ್ಳುವುದು, ಎಲ್ಲರೂ ನಕ್ಕಾಗ ನಗುವುದು, ಕೈ ಅಲ್ಲಾಡದಂತೆ ಹಿಡಿದಿಟ್ಟುಕೊಳ್ಳುವುದು, ಇವಕ್ಕೆಲ್ಲ ಶ್ರಮ ಬೇಕು. ಬಹಳಷ್ಟು ಜನ ಈ ಶ್ರಮವನ್ನು ಹಗಲೆಲ್ಲ ಮಾಡಿ, ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕುಳಿತು ಸುಧಾರಿಸಿಕೊಳ್ಳುತ್ತಾರೆ. ಅವರ ‘ಸೌಮ್ಯ’ ನಿಂತಿರುವುದೇ ಆ ಬಾಗಿಲಿನ ಮೇಲೆ.

ಹಾಗಾಗಿ ಮುಂದಿನ ಎಲ್ಲ ಹೋಲಿಕೆಗಳಲ್ಲಿ ನಾನು ಹಿಡಿಯುವ ಅಳತೆಗೋಲು ಇದೊಂದೇ: ಈ ದಾರಿಯಲ್ಲಿ ದಿನಕ್ಕೆ ಎಷ್ಟು ಗಂಟೆ ನಿಮ್ಮ ಬಾಗಿಲನ್ನು ನೀವು ಹಾಕಿಕೊಳ್ಳಬಹುದು? ಸಂಬಳ, ಪದವಿ, ಪಿಂಚಣಿ ಇವುಗಳ ಲೆಕ್ಕ ಆಮೇಲೆ.

ನಿಯಮಗಳು ಏನು ಹೇಳುತ್ತವೆ

ಅಮೆರಿಕದಲ್ಲಿ ಸೇನೆಗೆ ಸೇರುವವರ ಆರೋಗ್ಯದ ಮಾನದಂಡಗಳು ರಕ್ಷಣಾ ಇಲಾಖೆಯ 6130.03 ಸಂಖ್ಯೆಯ ಸೂಚನೆಯಲ್ಲಿವೆ. ಆಟಿಸಂ ಎಂದು ಹಿಂದೆಂದಾದರೂ ಗುರುತಿಸಿದ್ದರೆ ಅದು ಅನರ್ಹತೆಯ ಪಟ್ಟಿಯಲ್ಲಿ ಬರುತ್ತದೆ. ವಿನಾಯಿತಿ ಕೇಳುವ ಅವಕಾಶ ಇದೆ. ಕೊಡುವುದು ಬಿಡುವುದು ಭೂಸೇನೆ, ನೌಕಾಪಡೆ, ವಾಯುಪಡೆ ಹೀಗೆ ಆಯಾ ಪಡೆಗೆ ಬಿಟ್ಟದ್ದು, ಆದ್ದರಿಂದ ಒಂದು ಕಡೆ ಬೇಡವೆಂದವರನ್ನು ಇನ್ನೊಂದು ಕಡೆ ತೆಗೆದುಕೊಳ್ಳುವುದು ಅಸಾಧ್ಯವಲ್ಲ. ಬ್ರಿಟನ್‌ನಲ್ಲಿ 2010ರ ಸಮಾನತಾ ಕಾಯ್ದೆ ಅಂಗವಿಕಲತೆಯ ಕಾರಣಕ್ಕೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ತಡೆಯುತ್ತದೆ, ಆದರೆ ಸಶಸ್ತ್ರ ಪಡೆಗಳ ಸೇವೆಗೆ ಆ ಭಾಗ ಅನ್ವಯಿಸುವುದಿಲ್ಲ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿಯೇ ಒಳಗೊಂಡಿದೆ. ಆದರೂ 2021ರ ಅಧಿಸೂಚನೆಯೊಂದು ಸಶಸ್ತ್ರ ಪಡೆಗಳ ಯುದ್ಧ ಕರ್ತವ್ಯದ ಹುದ್ದೆಗಳನ್ನು ಅದರ ಉದ್ಯೋಗ ನಿಯಮದಿಂದ ಹೊರಗಿಟ್ಟಿತು. ಇಸ್ರೇಲ್‌ನಲ್ಲಿ ಸೇನಾಸೇವೆ ಕಡ್ಡಾಯವಾದರೂ ಆಟಿಸಂ ಇರುವವರಿಗೆ ವಿನಾಯಿತಿ ಸಿಗುತ್ತದೆ, ಬೇಕೆಂದವರು ಸ್ವಯಂಪ್ರೇರಣೆಯಿಂದ ಸೇರಬಹುದು.

ಈ ನಾಲ್ಕರಲ್ಲೂ ಕಾಣುವ ಸಮಾನ ಅಂಶವೊಂದಿದೆ. ಬೇರೆ ಉದ್ಯೋಗಗಳಲ್ಲಿ ‘ನನಗೆ ಈ ಹೊಂದಾಣಿಕೆ ಮಾಡಿಕೊಡಿ’ ಎಂದು ಕೇಳುವ ಹಕ್ಕು ಕಾನೂನಿನಲ್ಲಿ ಇರುತ್ತದೆ. ಸಮವಸ್ತ್ರ ತೊಟ್ಟ ಮೇಲೆ ಆ ಹಕ್ಕು ಬಹುಪಾಲು ಇರುವುದಿಲ್ಲ. ಒಳ್ಳೆಯ ಮೇಲಧಿಕಾರಿ ಸಿಕ್ಕರೆ ದಯೆಯಿಂದ ಮಾಡಿಕೊಟ್ಟಾನು. ಅವನಿಗೆ ವರ್ಗವಾದ ದಿನ ಆ ದಯೆಯೂ ಅವನ ಪೆಟ್ಟಿಗೆಯ ಜೊತೆ ಹೊರಟುಹೋಗುತ್ತದೆ.

ಪೂರ್ಣಾವಧಿ ಸೈನಿಕ ವೃತ್ತಿ

ಸೇನೆಯಲ್ಲಿ ಶಿಸ್ತಿದೆ, ವೇಳಾಪಟ್ಟಿಯಿದೆ, ಯಾರು ಯಾರ ಮಾತು ಕೇಳಬೇಕೆಂಬುದು ತೋಳಿನ ಪಟ್ಟಿಯಲ್ಲೇ ಬರೆದಿದೆ. ಆಟಿಸಂ ಇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಈ ವಾದವನ್ನು ಪದೇಪದೇ ಕೇಳುತ್ತೇವೆ. ಅರ್ಧ ನಿಜ. ಹಾಸಿಗೆ ಹೇಗೆ ಮಡಚಬೇಕು, ಬೂಟು ಎಲ್ಲಿಡಬೇಕು, ಬಂದೂಕನ್ನು ಯಾವ ಕ್ರಮದಲ್ಲಿ ಬಿಚ್ಚಿ ಜೋಡಿಸಬೇಕು ಎಂದು ಅಕ್ಷರಶಃ ಹೇಳಿಕೊಡುವ ಉದ್ಯೋಗ ಅಪರೂಪ. ಕ್ರಮವನ್ನು ಒಮ್ಮೆ ಕಲಿತರೆ ತಪ್ಪದ, ಉಪಕರಣದ ಸಣ್ಣ ದೋಷವನ್ನೂ ಬಿಡದ, ಮಾಡದ್ದನ್ನು ಮಾಡಿದೆನೆಂದು ಪಟ್ಟಿಯಲ್ಲಿ ಸುಳ್ಳು ಗುರುತು ಹಾಕದ ಮನುಷ್ಯ ಯಾವ ಸೇನೆಗೂ ಬೇಕಾದವನೇ.

ಉಳಿದರ್ಧ ಹೀಗಿದೆ. ಸೇನೆಯಲ್ಲಿ ನಿಯಮಗಳು ಗೊತ್ತಿರುತ್ತವೆ, ದಿನ ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ನಡುರಾತ್ರಿ ಎಬ್ಬಿಸುತ್ತಾರೆ. ಹೊರಡಬೇಕಾದ ಗಾಡಿ ನಾಲ್ಕು ಗಂಟೆ ನಿಲ್ಲುತ್ತದೆ, ಏಕೆಂದು ಯಾರೂ ಹೇಳುವುದಿಲ್ಲ. ಒಬ್ಬನ ತಪ್ಪಿಗೆ ಇಡೀ ತುಕಡಿ ಓಡುತ್ತದೆ. ಆರಂಭದ ತರಬೇತಿಯಲ್ಲಿ ಈ ಗೊಂದಲವನ್ನು ಬೇಕೆಂದೇ ಉಂಟುಮಾಡುತ್ತಾರೆ, ಒತ್ತಡದಲ್ಲಿ ಯಾರು ಕುಸಿಯುತ್ತಾರೆಂದು ನೋಡುವುದು ಅದರ ಉದ್ದೇಶಗಳಲ್ಲಿ ಒಂದು. ಇನ್ನು ಮೈಗೆ ತಾಗುವ ಸಂಗತಿಗಳು: ಒರಟು ಬಟ್ಟೆಯ ಕೊರಳಪಟ್ಟಿ, ಹತ್ತಾರು ಜನರ ಬೆವರಿನ ವಾಸನೆ, ಆರಿಸಲಾಗದ ಟ್ಯೂಬ್‌ಲೈಟ್, ಗೊರಕೆ. ರೈಫಲಿನ ಗುಂಡಿನ ಸದ್ದು 140 ಡೆಸಿಬಲ್ ದಾಟುತ್ತದೆ. ಕಿವಿಗೆ ರಕ್ಷಣೆ ಕೊಡುತ್ತಾರೆ ನಿಜ, ಆದರೆ ಎದೆಗೆ ಬಡಿಯುವ ಅದರ ಹೊಡೆತಕ್ಕೆ ರಕ್ಷಣೆಯಿಲ್ಲ.

ಇಷ್ಟಾದರೂ ತರಬೇತಿಯನ್ನೇ ನೋಡಿ ಹೆದರುವುದು ಬೇಡ ಎನ್ನುತ್ತೇನೆ. ತರಬೇತಿಗೆ ಕೊನೆಯ ದಿನಾಂಕವಿದೆ. ಅಮೆರಿಕದ ಭೂಸೇನೆಯಲ್ಲಿ ಮೂಲ ತರಬೇತಿ 10 ವಾರ, ಮರೀನ್ ಪಡೆಯಲ್ಲಿ 13 ವಾರ. ಅಲ್ಲಿ ಎಲ್ಲರೂ ಹೊಸಬರು, ಎಲ್ಲರೂ ತಪ್ಪುತ್ತಾರೆ, ಎಲ್ಲರಿಗೂ ಬೈಗುಳ. ಏನು ಮಾಡಬೇಕೆಂದು ಪ್ರತಿ ನಿಮಿಷವೂ ಹೇಳುವವರಿದ್ದಾರೆ, ಹರಟೆಗೆ ಪುರುಸೊತ್ತಿಲ್ಲ. ಕಷ್ಟ ಶುರುವಾಗುವುದು ಅದು ಮುಗಿದು ಘಟಕಕ್ಕೆ ಹೋದ ಮೇಲೆ, ಬ್ಯಾರಕ್ಕಿನ ಬಿಡುವಿನ ಹೊತ್ತಿನಲ್ಲಿ. ಯಾರ ಜೊತೆ ಕೂರಬೇಕು, ಕಾಲೆಳೆದರೆ ಎಷ್ಟು ನಗಬೇಕು, ಎಲ್ಲಿ ತಿರುಗಿ ಕಾಲೆಳೆಯಬೇಕು, ಯಾವ ನಿಯಮ ಬರೀ ಕಾಗದದ ಮೇಲಿನದು, ಇವನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ.

ಒಂದು ಸಣ್ಣ ಸನ್ನಿವೇಶ ಊಹಿಸಿಕೊಳ್ಳಿ. ಅಧಿಕಾರಿ ನಕ್ಷೆಯ ಮುಂದೆ ನಿಂತು ದಾರಿ ವಿವರಿಸುತ್ತಿದ್ದಾನೆ, ಹೇಳಿದ ದೂರ ತಪ್ಪಾಗಿದೆ. ನೀವು ಕೈಯೆತ್ತಿ ಎಲ್ಲರೆದುರು ಸರಿಯಾದ ಅಂಕಿ ಹೇಳುತ್ತೀರಿ. ನಿಮ್ಮ ಮಟ್ಟಿಗೆ ಅದು ನೆರವು, ಅವನಿಗೆ ಅದು ಎದುರುತ್ತರ. ಬೇರೆ ಕಚೇರಿಯಲ್ಲಿ ಇದು ಮುಜುಗರದಲ್ಲಿ ಮುಗಿಯುತ್ತದೆ. ಸೇನೆಯಲ್ಲಿ ಮುಂದಿನ ಎರಡು ವರ್ಷ ಅವನೇ ನಿಮ್ಮ ರಜೆಗೆ ಸಹಿ ಹಾಕುವವನು.

ಬಾಗಿಲಿನ ಲೆಕ್ಕದಲ್ಲಿ ಈ ದಾರಿಗೆ ಸಿಗುವ ಅಂಕ, ಮೊದಲ ವರ್ಷಗಳ ಮಟ್ಟಿಗೆ, ಸೊನ್ನೆಗೆ ಹತ್ತಿರ. ಜನರ ನಡುವೆಯೇ ಒಳಗೊಳಗೆ ವಿಶ್ರಾಂತಿ ಪಡೆಯಬಲ್ಲವರು ಆಟಿಸಂ ಇರುವವರಲ್ಲೂ ಇದ್ದಾರೆ. ಓಟದಿಂದ, ಭಾರ ಎತ್ತುವುದರಿಂದ ಮನಸ್ಸು ಹಗುರಾಗುವವರೂ ಇದ್ದಾರೆ. ನೀವು ಅಂಥವರಾದರೆ ಈ ದಾರಿಯನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ.

‘ನಾನು ತಾಂತ್ರಿಕ ವಿಭಾಗಕ್ಕೆ ಹೋಗುತ್ತೇನೆ’

ಇದು ಬಹಳ ಜನ ಮಾಡುವ ಎಡವಟ್ಟು. ಸಂಪರ್ಕ ವಿಭಾಗ, ರಾಡಾರ್, ಸೈಬರ್, ವಿಮಾನದ ದುರಸ್ತಿ, ಹವಾಮಾನ ಇಂಥ ಕಡೆ ಹೋದರೆ ತಮ್ಮ ಪಾಡಿಗೆ ತಾವಿರಬಹುದೆಂದು ಅವರ ಎಣಿಕೆ. ಕೆಲಸದ ಗಂಟೆಗಳ ಮಟ್ಟಿಗೆ ಅದು ಸರಿಯೂ ಹೌದು. ಕೈಪಿಡಿ ನೋಡಿ ಮಾಡುವ ದುರಸ್ತಿ ಕೆಲಸದಲ್ಲಿ, ಸಂಕೇತಗಳನ್ನು ಆಲಿಸುವ ಕೆಲಸದಲ್ಲಿ ಏಕಾಗ್ರತೆಗೆ ಬೆಲೆಯಿದೆ, ಹರಟೆಗೆ ಇಲ್ಲ.

ಆದರೆ ಒಳಬರುವ ಬಾಗಿಲು ಸಾಮಾನ್ಯವಾಗಿ ಒಂದೇ. ಕಂಪ್ಯೂಟರ್ ಮುಂದೆ ಕೂರುವವನಿಗೂ ಕಂದಕದಲ್ಲಿ ಮಲಗುವವನಿಗೂ ಅದೇ ವೈದ್ಯಕೀಯ ಮಾನದಂಡ, ಅದೇ ಮೂಲ ತರಬೇತಿ, ಆಮೇಲೆ ಅದೇ ಬ್ಯಾರಕ್. ತಾಂತ್ರಿಕ ಹುದ್ದೆಯ ಆಸೆಗೆ ಹೋದವರು ಖಾಲಿ ಜಾಗ ಇಲ್ಲದೆ ಬೇರೆಡೆ ಹಂಚಿಕೆಯಾಗುವುದೂ ಉಂಟು. ಅಮೆರಿಕದಲ್ಲಿ ಮೊದಲ ಬಾರಿ ಸಹಿ ಹಾಕಿದವರ ಬಾಧ್ಯತೆ, ಸಕ್ರಿಯ ಸೇವೆ ಮತ್ತು ಮೀಸಲು ಸೇರಿ, ಸಾಮಾನ್ಯವಾಗಿ 8 ವರ್ಷ. ಹೊಂದಲಿಲ್ಲವೆಂದು ಮೂರನೇ ತಿಂಗಳು ರಾಜೀನಾಮೆ ಬರೆದುಕೊಟ್ಟು ಬರುವ ನೌಕರಿ ಇದಲ್ಲ. ನಿರ್ದಿಷ್ಟ ವಿಭಾಗವೇ ಬೇಕೆಂದಿದ್ದರೆ ಅದು ಒಪ್ಪಂದದ ಕಾಗದದಲ್ಲಿ ಬರೆದಿರಬೇಕು. ನೇಮಕಾತಿಯವರ ಬಾಯಿಮಾತಿಗೆ ಕಿಲುಬು ಕಾಸಿನ ಬೆಲೆಯಿಲ್ಲ. ಮಾತನ್ನು ಅಕ್ಷರಶಃ ನಂಬುವ ಸ್ವಭಾವದವರು ಈ ಒಂದು ಕಡೆ ಎರಡು ಪಟ್ಟು ಅನುಮಾನಿಸಬೇಕು.

ಇಸ್ರೇಲ್‌ನ ಯೋಜನೆ ಇಲ್ಲಿಯೇ ಬೇರೆಯಾಗುವುದು. ಅಲ್ಲಿ ಮೊದಲು ಕಾಲೇಜೊಂದರಲ್ಲಿ ತರಬೇತಿ, ಬಳಿಕ ನಾಗರಿಕರಾಗಿಯೇ ಘಟಕದಲ್ಲಿ ಅಭ್ಯಾಸ, ಸೇನೆಗೂ ಅಭ್ಯರ್ಥಿಗೂ ಒಪ್ಪಿಗೆಯಾದ ಮೇಲೆ ಸಮವಸ್ತ್ರ. ಜೊತೆಗೆ ಚಿಕಿತ್ಸಕರ ನೆರವು. ಬಾಗಿಲನ್ನು ಅಗಲಿಸುವುದಕ್ಕಿಂತ ಬೇರೆ ಬಾಗಿಲನ್ನೇ ಕೊರೆದರು ಎನ್ನಬೇಕು. ನಿಮ್ಮ ದೇಶದಲ್ಲಿ ಇಂಥದ್ದು ಇದೆಯೇ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ಬೇರೆ ದೇಶದ ಸುದ್ದಿಯನ್ನು ಓದಿ ನಿಮ್ಮ ಸೇನೆಯ ಬಗ್ಗೆ ಲೆಕ್ಕ ಹಾಕಬೇಡಿ.

ಮೀಸಲು ಪಡೆ

ವಾರಾಂತ್ಯದಲ್ಲಿ, ವರ್ಷಕ್ಕೆ ಕೆಲವು ವಾರ ಸೇವೆ. ಉಳಿದಂತೆ ಮನೆ, ಬೇರೆ ಉದ್ಯೋಗ. ಬಾಗಿಲಿನ ಲೆಕ್ಕದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಆರೋಗ್ಯದ ಮಾನದಂಡ ಸಾಮಾನ್ಯವಾಗಿ ಪೂರ್ಣಾವಧಿಯವರದೇ, ಮೂಲ ತರಬೇತಿಯೂ ತಪ್ಪುವುದಿಲ್ಲ. ಯುದ್ಧ ಬಂದರೆ ಕರೆ ಬರುತ್ತದೆ. ಇನ್ನೊಂದು ತೊಡಕಿದೆ: ತಿಂಗಳಿಗೊಮ್ಮೆ ಎರಡು ದಿನ ಬೇರೆ ಮನುಷ್ಯನಾಗಿ ಬದಲಾಗುವುದು, ನಿತ್ಯವೂ ಒಂದೇ ಲಯದಲ್ಲಿ ಇರಬಯಸುವವರಿಗೆ ಪೂರ್ಣಾವಧಿಗಿಂತಲೂ ಕಿರಿಕಿರಿಯಾಗಬಹುದು.

ಸೇನೆಗಾಗಿ, ಸೇನೆಯ ಹೊರಗೆ

ರಕ್ಷಣಾ ಇಲಾಖೆಗಳಲ್ಲಿ ಸಮವಸ್ತ್ರವಿಲ್ಲದೆ ಕೆಲಸ ಮಾಡುವವರ ಸಂಖ್ಯೆ ದೊಡ್ಡದು. ಶಸ್ತ್ರಾಸ್ತ್ರ ಪರೀಕ್ಷಿಸುವ ಪ್ರಯೋಗಾಲಯ, ನಕ್ಷೆ ತಯಾರಿಕೆ, ದಾಸ್ತಾನು, ಲೆಕ್ಕಪತ್ರ, ಭಾಷಾಂತರ, ಸಂಕೇತ ಭೇದನ, ಹಡಗುಕಟ್ಟೆ, ದಾಖಲೆಗಳ ಸಂಗ್ರಹಾಲಯ, ಎಲ್ಲ ಕಡೆಯೂ ನಾಗರಿಕ ಹುದ್ದೆಗಳಿವೆ. ಬ್ರಿಟನ್‌ನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂ ಆಟಿಸಂ, ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಇರುವವರು ತನಗೆ ಬೇಕೆಂದು ಬಹಿರಂಗವಾಗಿಯೇ ಹೇಳಿಕೊಂಡಿದೆ. ಅದು ಸೇನೆಯಲ್ಲ, ನಾಗರಿಕ ಸಂಸ್ಥೆ. ವಿಚಿತ್ರವೆಂದರೆ ಒಬ್ಬನೇ ವ್ಯಕ್ತಿ, ಅದೇ ಆಟಿಸಂ, ಒಂದು ಕಡೆ ವೈದ್ಯಕೀಯ ಪರೀಕ್ಷೆಯಲ್ಲೇ ಬಿದ್ದುಹೋಗಿ ಇನ್ನೊಂದು ಕಡೆ ಅದೇ ಗುಣಕ್ಕಾಗಿ ಆಯ್ಕೆಯಾಗಬಹುದು.

ಈ ಹುದ್ದೆಗಳಿಗೆ ಸಾಮಾನ್ಯ ಉದ್ಯೋಗ ಕಾನೂನುಗಳು ಅನ್ವಯಿಸುತ್ತವೆ. ಸಂದರ್ಶನದ ಪ್ರಶ್ನೆಗಳನ್ನು ಮೊದಲೇ ಕೊಡಿ, ಮೂಲೆಯ ಮೇಜು ಕೊಡಿ, ಆದೇಶಗಳನ್ನು ಬರೆದು ಕೊಡಿ ಎಂದು ಕೇಳಬಹುದು, ಕೇಳಿದ್ದಕ್ಕೆ ಕೆಲಸ ಹೋಗುವುದಿಲ್ಲ. ಭಾರತದಲ್ಲಿ 2016ರ ಕಾಯ್ದೆಯ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇ 4ರ ಮೀಸಲಾತಿಯಲ್ಲಿ ಶೇ 1ರಷ್ಟು ಆಟಿಸಂ ಸೇರಿದ ಗುಂಪಿನದು. ಅದಕ್ಕೆ ಅಂಗವಿಕಲತೆ ಶೇ 40ಕ್ಕೆ ಕಡಿಮೆಯಿಲ್ಲ ಎಂಬ ಪ್ರಮಾಣಪತ್ರ ಬೇಕು.

ಕುಂದುಗಳೂ ಇವೆ. ಭದ್ರತಾ ಪರಿಶೀಲನೆ ತಿಂಗಳುಗಟ್ಟಲೆ ಎಳೆಯುತ್ತದೆ, ಅಷ್ಟು ಕಾಲ ಏನೂ ತಿಳಿಯದೆ ಕಾಯುವುದು ಅನಿಶ್ಚಿತತೆ ಸಹಿಸದವರಿಗೆ ಹಿಂಸೆ. ಸೈನಿಕರ ನಡುವೆ ನಾಗರಿಕನಿಗೆ ‘ಹೊರಗಿನವನು’ ಎಂಬ ಭಾವ ಬರಬಹುದು. ಜೊತೆಯಾಗಿ ಕೆಸರಲ್ಲಿ ಬಿದ್ದೆದ್ದವರ ನಂಟು ಇಲ್ಲಿ ಸಿಗುವುದಿಲ್ಲ, ಮತ್ತು ಕೆಲವರಿಗೆ ಬೇಕಾಗಿರುವುದೇ ಆ ನಂಟು: ಶಾಲೆಯಲ್ಲಿ ಯಾವ ಗುಂಪಿಗೂ ಸೇರದೆ ಉಳಿದವರಿಗೆ, ಸೇರಿದ ಕೂಡಲೇ ‘ನಮ್ಮವನು’ ಎನ್ನುವ ಗುಂಪಿನ ಆಸೆ ಎಷ್ಟು ದೊಡ್ಡದೆಂದು ಅನುಭವಿಸಿದವರಿಗೇ ಗೊತ್ತು. ಆ ಆಸೆಯನ್ನು ಹಗುರವಾಗಿ ತಳ್ಳಿಹಾಕುವವರ ಸಲಹೆ ಕೇಳಬೇಡಿ. ಆದರೂ ಕೆಲಸ ಮತ್ತು ಬಾಗಿಲು ಎರಡನ್ನೂ ತೂಗಿದರೆ ನನ್ನ ತಕ್ಕಡಿ ವಾಲುವುದು ಈ ಕಡೆಗೇ.

ಅಗ್ನಿಶಾಮಕ ದಳ, ವಾಣಿಜ್ಯ ಹಡಗು, ನಾಗರಿಕ ವಿಮಾನಗಳ ನಿರ್ವಹಣೆ, ವಿಪತ್ತು ನಿರ್ವಹಣೆಯ ನಿಯಂತ್ರಣ ಕೊಠಡಿ ಇವನ್ನೂ ಒಮ್ಮೆ ನೋಡಿ. ಸಮವಸ್ತ್ರ, ಕರ್ತವ್ಯ, ಯಂತ್ರ ಈ ಮೂರೂ ಇವುಗಳಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಸಿಗುತ್ತವೆ. ಪ್ರತಿಯೊಂದಕ್ಕೂ ತನ್ನದೇ ವೈದ್ಯಕೀಯ ಪರೀಕ್ಷೆಯಿದೆ.

ಮುಚ್ಚಿಟ್ಟರೆ?

‘ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ’ ಎಂಬ ಪಿಸುಮಾತು ನೇಮಕಾತಿ ಕಚೇರಿಯ ಮೆಟ್ಟಿಲ ಬಳಿ ಕೇಳಿಬರುತ್ತದೆ. ಕೆಲವೊಮ್ಮೆ ಮೆಟ್ಟಿಲ ಮೇಲಿನವರಿಂದಲೇ. ಕೇಳಬೇಡಿ. ಅಮೆರಿಕದಲ್ಲಿ 2022ರಿಂದ ಅಭ್ಯರ್ಥಿಗಳ ಹಿಂದಿನ ವೈದ್ಯಕೀಯ ದಾಖಲೆಗಳನ್ನು ಕಂಪ್ಯೂಟರಿನಲ್ಲೇ ತೆರೆದು ನೋಡುವ ವ್ಯವಸ್ಥೆ ಬಂದಿದೆ. ಸುಳ್ಳು ಹೇಳಿ ಸೇರುವುದು ಅಲ್ಲಿನ ಸೇನಾ ಕಾನೂನಿನಲ್ಲಿ ಅಪರಾಧ. ಕಾನೂನನ್ನು ಬದಿಗಿಟ್ಟು ನೋಡಿದರೂ, ಗುಟ್ಟು ಕಾಯುವುದೆಂದರೆ ಹಗಲಿನ ಮುಖವಾಡದ ಮೇಲೆ ಇನ್ನೊಂದು ಮುಖವಾಡ, ಅದನ್ನು ರಾತ್ರಿಯೂ ತೆಗೆಯುವಂತಿಲ್ಲ. ಪರೀಕ್ಷೆಯಲ್ಲಿ ಪಾಸಾಗಲೆಂದು ಆತಂಕದ ಮಾತ್ರೆಯನ್ನೋ ಚಿಕಿತ್ಸೆಯನ್ನೋ ತಾವಾಗಿಯೇ ನಿಲ್ಲಿಸುವವರಿದ್ದಾರೆ. ಅದು ಇದಕ್ಕಿಂತ ಕೆಟ್ಟದ್ದು.

ಬಾಲ್ಯದಲ್ಲಿ ಅವಸರದಲ್ಲಿ ಹಾಕಿದ ಹೆಸರು ತಪ್ಪೆಂದು ನಿಜಕ್ಕೂ ಅನಿಸಿದರೆ ಮಾಡಬೇಕಾದದ್ದು ಬೇರೆ. ಅನುಭವಿ ಮನೋವೈದ್ಯರಿಂದ ಅಥವಾ ಕ್ಲಿನಿಕಲ್ ಮನಃಶಾಸ್ತ್ರಜ್ಞರಿಂದ ಹೊಸದಾಗಿ ಪೂರ್ಣ ಮೌಲ್ಯಮಾಪನ ಮಾಡಿಸಿ, ಹಳೆಯ ವರದಿ ಮತ್ತು ಹೊಸದು ಎರಡನ್ನೂ ಮುಂದಿಡುವುದು. ವಿನಾಯಿತಿ ಕೇಳುವಾಗಲೂ ಇದೇ ಕಡತ ಕೆಲಸಕ್ಕೆ ಬರುತ್ತದೆ. ವಿಶೇಷ ನೆರವಿಲ್ಲದೆ ಓದಿದ ವರ್ಷಗಳ ದಾಖಲೆ, ಒಂದೇ ಕಡೆ ಕೆಲಸ ಮಾಡಿದ ಅನುಭವದ ಪತ್ರ, ಮನೆಯಿಂದ ದೂರ ಸ್ವತಂತ್ರವಾಗಿ ಬಾಳಿದ್ದಕ್ಕೆ ಸಾಕ್ಷಿ ಇವೆಲ್ಲ ಅದರಲ್ಲಿ ಇರಲಿ. ‘ನನಗೆ ದೇಶಸೇವೆಯ ಹಂಬಲ’ ಎಂಬ ಎರಡು ಪುಟದ ಪತ್ರಕ್ಕಿಂತ ಇವು ತೂಕದವು.

ಮೊದಲು ನಿಮ್ಮನ್ನು ನೀವು ಪರೀಕ್ಷಿಸಿಕೊಳ್ಳಿ

ಅರ್ಜಿ ಹಾಕುವ ಮುನ್ನ ಆರು ತಿಂಗಳು ಬೇರೆಯವರೊಡನೆ ಹಂಚಿಕೊಂಡ ಮನೆಯಲ್ಲೋ ಹಾಸ್ಟೆಲಿನಲ್ಲೋ, ಒಂದು ಕೋಣೆಗೆ ನಾಲ್ಕು ಜನರಿರುವ ಕಡೆ ಇದ್ದು ನೋಡಿ. ಮೊದಲ ವಾರದ ಅನುಭವವನ್ನು ನಂಬಬೇಡಿ, ಎರಡನೇ ತಿಂಗಳಿನದನ್ನು ಬರೆದಿಡಿ. ಗುಂಪಿನ ಜೊತೆ ನಾಲ್ಕೈದು ದಿನದ ಚಾರಣಕ್ಕೆ ಹೋಗಿ: ನಿದ್ರೆಗೆಟ್ಟು, ಒದ್ದೆ ಬಟ್ಟೆಯಲ್ಲಿ, ಬೇರೆಯವರು ಹೇಳಿದ ವೇಗದಲ್ಲಿ ನಡೆಯುವಾಗ ನಿಮ್ಮ ಮಾತು ಏನಾಗುತ್ತದೆ? ಕೆಲವರಿಗೆ ದಣಿದಾಗ ಮಾತೇ ಹೊರಡುವುದಿಲ್ಲ. ವೈರ್‌ಲೆಸ್ ಹಿಡಿದವನಿಗೆ ಹಾಗಾದರೆ ಅಪಾಯ ಅವನೊಬ್ಬನಿಗೆ ಮಾತ್ರ ಅಲ್ಲ. ಅವಕಾಶವಿದ್ದರೆ ಶೂಟಿಂಗ್ ರೇಂಜಿನಲ್ಲಿ, ತಕ್ಕ ರಕ್ಷಣೆಯೊಂದಿಗೆ, ಒಂದು ಗಂಟೆ ಸದ್ದು ಕೇಳಿ ಬನ್ನಿ. ಕೆಡೆಟ್ ತರಬೇತಿಗಳು ಸಿಗುವ ಕಡೆ ಅದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಅರ್ಜಿಗಳ ಕ್ರಮವೂ ಮುಖ್ಯ. ಸೇನೆಯ ವಯೋಮಿತಿ ಬೇಗ ಮುಗಿಯುತ್ತದೆ, ನಾಗರಿಕ ಹುದ್ದೆಗಳದು ತಡವಾಗಿ. ಹಾಗಾಗಿ ಸಮವಸ್ತ್ರವೇ ಬೇಕೆಂದು ತೀರ್ಮಾನವಾದರೆ ಅದಕ್ಕೆ ಮೊದಲು ಅರ್ಜಿ ಹಾಕಿ, ವಿನಾಯಿತಿಗೆ ಕಾಯಲು ಒಂದು ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತಿಟ್ಟುಕೊಳ್ಳಿ. ಕಾಯುವ ಹೊತ್ತಿನಲ್ಲಿ ನಾಗರಿಕ ಹುದ್ದೆಗೂ ಬಳಕೆಯಾಗುವ ಒಂದು ಕಸುಬನ್ನು ಕಲಿಯಿರಿ: ನಕ್ಷೆಯ ತಂತ್ರಾಂಶ, ಎಲೆಕ್ಟ್ರಾನಿಕ್ಸ್, ಒಂದು ವಿದೇಶಿ ಭಾಷೆ, ಯಾವುದಾದರೂ. ಗಡುವು ದಾಟಿದ ಮರುದಿನ ಎರಡನೇ ಅರ್ಜಿ ಹೋಗಲಿ. ವಿನಾಯಿತಿಯ ಪತ್ರಕ್ಕಾಗಿ ಮೂರ್ನಾಲ್ಕು ವರ್ಷ ಅಂಚೆಪೆಟ್ಟಿಗೆ ನೋಡುತ್ತ ಕುಳಿತವರಿಗೆ, ಅದು ಬಾರದಿದ್ದಾಗ, ಕೈಯಲ್ಲಿ ಕಸುಬೂ ಇರುವುದಿಲ್ಲ, ನಾಗರಿಕ ಹುದ್ದೆಯ ವಯಸ್ಸೂ ದಾಟಿರಬಹುದು.